ಲ್ಯಾಪ್‌ಟಾಪಿನ ಸ್ಕ್ರೂ ಒಮ್ಮೆ ಜಾರಿತೆಂದರೆ ಕೈ ತೆಗೆಯಿರಿ

ತಳದ ಮುಚ್ಚಳಕ್ಕಿದ್ದ 10 ಸ್ಕ್ರೂಗಳಲ್ಲಿ 9 ಸಲೀಸಾಗಿ ಬಿಚ್ಚಿಬಂದವು. ಉಳಿದ ಒಂದರ ಹಿಂದೆ ಬಿದ್ದು, ಎರಡು ಗಂಟೆಯೊಳಗೆ ನನ್ನ ಹೆಂಡತಿಯ ಲ್ಯಾಪ್‌ಟಾಪಿನ ಮದರ್‌ಬೋರ್ಡನ್ನೇ ಕಳೆದುಕೊಂಡೆ. ಮನೆಯಲ್ಲಿಯೇ ಫ್ಯಾನಿನ ಧೂಳು ತೆಗೆಯಲು, ರ‍್ಯಾಮ್ ಹಾಕಲು, ಬ್ಯಾಟರಿ ಬದಲಿಸಲು ಹೊರಟವರು ಇದೇ ತಪ್ಪು ಮಾಡಬಾರದೆಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಆಕೆ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಲ್ಯಾಪ್‌ಟಾಪಿಗೆ 6 ವರ್ಷವಾಗಿತ್ತು. ಬೇಸಿಗೆ ಬಂದರೆ ಫ್ಯಾನ್ ಹುಯ್ಯಲಿಡುತ್ತಿತ್ತು, ತೊಡೆಯ ಮೇಲೆ ಇಟ್ಟುಕೊಳ್ಳಲಾಗದಷ್ಟು ತಳ ಕಾಯುತ್ತಿತ್ತು. ಧೂಳು ತೆಗೆದು ಪ್ರೊಸೆಸರಿನ ಶಾಖ ಸಾಗಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿದರೆ ಸರಿಹೋಗುತ್ತದೆ ಎಂಬ ನನ್ನ ಅಂದಾಜು ತಪ್ಪಾಗಿರಲಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರುಗಳನ್ನು ಹತ್ತಾರು ಸಲ ಬಿಚ್ಚಿ ಜೋಡಿಸಿದ ಅನುಭವವೂ ಇತ್ತು. ಆದರೆ ಡೆಸ್ಕ್‌ಟಾಪಿನ ದಪ್ಪ ಸ್ಕ್ರೂಗೂ ಲ್ಯಾಪ್‌ಟಾಪಿನ 2 ಅಥವಾ 2.5 ಮಿಲಿಮೀಟರ್ ಸ್ಕ್ರೂಗೂ ಇರುವ ವ್ಯತ್ಯಾಸ ಗಾತ್ರದ್ದಷ್ಟೇ ಅಲ್ಲ ಎಂಬುದು ಆಗ ಹೊಳೆಯಲಿಲ್ಲ. ದಪ್ಪ ಸ್ಕ್ರೂವಿನ ತಲೆ ನಾಲ್ಕು ಸಲ ಜಾರಿದರೂ ತಡೆದುಕೊಳ್ಳುತ್ತದೆ. ಈ ಸಣ್ಣದರಲ್ಲಿ ಬಿಟ್, ಅಂದರೆ ಸ್ಕ್ರೂಡ್ರೈವರಿನ ಮೊನೆ, ಹಿಡಿದುಕೊಳ್ಳಲು ಇರುವ ಲೋಹವೇ ಕೂದಲೆಳೆಯಷ್ಟು.

ಬಿಚ್ಚದೆ ಉಳಿದದ್ದು ಎಡ ಹಿಂಜಿನ (ಪರದೆ ಮಡಚುವ ಕೀಲಿನ) ಪಕ್ಕದ ಮೂಲೆಯ ಸ್ಕ್ರೂ. ನನ್ನ ಬಳಿ ಇದ್ದದ್ದು ಅಗ್ಗದ ಬಿಟ್‌ಗಳ ಒಂದು ಡಬ್ಬಿ. ಅದರಲ್ಲಿನ ಪಿಎಚ್‌00 ಅಳತೆಯ ಫಿಲಿಪ್ಸ್ (ಪ್ಲಸ್ ಆಕಾರದ) ಬಿಟ್ಟಿನಿಂದಲೇ ಉಳಿದ ಒಂಬತ್ತೂ ಬಂದಿದ್ದರಿಂದ, ಅದನ್ನೇ ಇದಕ್ಕೂ ಇಟ್ಟೆ. ಹಿಂಜಿನ ಬಳಿ ಮುಚ್ಚಳದ ಮೇಲೆ ಹೆಚ್ಚು ಎಳೆತ ಬೀಳುವುದರಿಂದ ಅಲ್ಲಿಗೆ ತುಸು ದಪ್ಪದ ಸ್ಕ್ರೂ ಹಾಕಿದ್ದರು. ಅದಕ್ಕೆ ಬೇಕಾದದ್ದು ಒಂದು ಅಳತೆ ದೊಡ್ಡದಾದ ಪಿಎಚ್‌0. ಚಿಕ್ಕ ಬಿಟ್ ದೊಡ್ಡ ಗುಳಿಯಲ್ಲಿ ತಳದವರೆಗೂ ಇಳಿಯುತ್ತದೆ, ಆದ್ದರಿಂದ ಸರಿಯಾಗಿ ಕೂತಿತೆಂದೇ ಅನ್ನಿಸುತ್ತದೆ. ನಿಜವಾಗಿ ಅದು ಗೋಡೆಗಳನ್ನು ತಬ್ಬಿ ಹಿಡಿದಿರುವುದಿಲ್ಲ, ಒಳಗಿನ ಮೂಲೆಗಳಿಗಷ್ಟೇ ತಾಗಿರುತ್ತದೆ. ಬಿಟ್ ಇಟ್ಟ ಮೇಲೆ ಹಿಡಿಯನ್ನು ಎಡಬಲಕ್ಕೆ ಒಂದಿಷ್ಟು ಅಲುಗಿಸಿ ನೋಡಿ. ಸ್ವಲ್ಪವೂ ಸಡಿಲ ಆಡಿದರೆ ಅದು ಆ ಸ್ಕ್ರೂವಿನ ಬಿಟ್ ಅಲ್ಲ. ಈ ಹತ್ತು ಸೆಕೆಂಡಿನ ಪರೀಕ್ಷೆ ನಾನು ಮಾಡಲಿಲ್ಲ.

ನಮ್ಮ ಅಂಗಡಿಗಳಲ್ಲಿ ಸ್ಟಾರ್ ಎಂದು ಕೇಳಿದರೆ ಕೊಡುವುದು ಬಹುತೇಕ ಈ ಪ್ಲಸ್ ಆಕಾರದ ಫಿಲಿಪ್ಸ್ ಸ್ಕ್ರೂಡ್ರೈವರನ್ನೇ. ನಿಜಕ್ಕೂ ನಕ್ಷತ್ರದ ಹಾಗಿರುವ ಆರು ಮೂಲೆಯ ಟಾರ್ಕ್ಸ್ ಬೇರೆ, ಮ್ಯಾಕ್‌ಬುಕ್‌ಗಳ ತಳದಲ್ಲಿ ಬರುವ ಐದು ದಳದ ಪೆಂಟಲೋಬ್ ಇನ್ನೂ ಬೇರೆ. ಫಿಲಿಪ್ಸ್ ಗುಳಿಯ ಗೋಡೆಗಳು ಒಳಮುಖವಾಗಿ ಇಳಿಜಾರಾಗಿರುತ್ತವೆ. ಹೀಗಾಗಿ ತಿರುಗಿಸುವ ಬಲ ಹೆಚ್ಚಿದಂತೆಲ್ಲ ಅದೇ ಇಳಿಜಾರು ಬಿಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಇದನ್ನು ತಡೆಯುವುದು ನಾವು ಮೇಲಿನಿಂದ ಒತ್ತುವ ಬಲ ಮಾತ್ರ. ತಿರುಗಿಸುವುದಕ್ಕಿಂತ ಒತ್ತುವುದಕ್ಕೇ ಹೆಚ್ಚು ಶಕ್ತಿ ಹೋಗಬೇಕು. ಲ್ಯಾಪ್‌ಟಾಪ್ ಮುರಿದೀತು ಎಂಬ ಭಯದಿಂದ ನಾನು ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದು ತಿರುಗಿಸಿದೆ, ಬಿಟ್ ಟಕ್ಕನೆ ಹಾರಿತು.

ಈ ಹಂತದಲ್ಲಿ ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದ್ದೆ. ಪ್ಲಸ್ಸಿನ ನಾಲ್ಕು ತೋಳುಗಳಲ್ಲಿ ಎರಡರ ಅಂಚಿನ ಕಪ್ಪು ಬಣ್ಣ ಎದ್ದು, ಬೆಳ್ಳಗಿನ ಲೋಹ ಮಿನುಗುತ್ತಿತ್ತು. ಅಷ್ಟೇ ಆಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ನಾನು ಅದೇ ಬಿಟ್ಟಿನಿಂದ ಮತ್ತೆ ಏಳೆಂಟು ಸಲ ಪ್ರಯತ್ನಿಸಿದೆ. ಪ್ರತಿ ಸಲ ಬಿಟ್ ಹಾರಿದಾಗಲೂ ಸಣ್ಣ ಬೂದು ಪುಡಿ ಉದುರಿತು. ಕೊನೆಗೆ ಪ್ಲಸ್ ಎಂಬುದೇ ಉಳಿಯದೆ ದುಂಡಗಿನ ಒಂದು ಗುಳಿ ಉಳಿಯಿತು.

ಇಷ್ಟೊಂದು ಬಿಗಿ ಏಕಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ಅಲುಗಾಟಕ್ಕೆ ಸಡಿಲವಾಗದಿರಲೆಂದು ಇಂಥ ಸ್ಕ್ರೂಗಳ ಎಳೆಗಳಿಗೆ (ಮೈಮೇಲಿನ ಸುರುಳಿ ಏಣುಗಳಿಗೆ) ಸಾಮಾನ್ಯವಾಗಿ ನೀಲಿ ಬಣ್ಣದ ನೈಲಾನ್ ಲೇಪ ಕೊಟ್ಟಿರುತ್ತಾರೆ. ತುಕ್ಕು ಹಿಡಿದ ಬೋಲ್ಟು ಒಮ್ಮೆ ಕದಲಿತೆಂದರೆ ಆಮೇಲೆ ಸುಲಭ; ನೈಲಾನ್ ಹಚ್ಚಿದ ಸ್ಕ್ರೂ ಹಾಗಲ್ಲ, ಕದಲಿದ ಮೇಲೂ ಹಲವು ಸುತ್ತು ಬಿಗಿಯಾಗಿಯೇ ಬರುತ್ತದೆ.

ಮುಂದೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸಿದೆ. ದೊಡ್ಡ ಸ್ಕ್ರೂಗಳಿಗೆ ಅದು ಕೆಲವೊಮ್ಮೆ ಒದಗುತ್ತದೆ, ಇಷ್ಟು ಸಣ್ಣ ಗುಳಿಗೆ ರಬ್ಬರು ಇಳಿಯುವುದೇ ಇಲ್ಲ, ಹರಿದು ಚೂರಾಯಿತು. ಬಳಿಕ ಸೂಪರ್ ಗ್ಲೂ ಒಂದು ಹನಿ ಬಿಟ್ಟು, ಬಿಟ್ಟನ್ನು ಅದರಲ್ಲಿ ಊರಿ ಒಣಗಲು ಬಿಟ್ಟೆ. ಈ ಉಪಾಯವನ್ನು ಬಹಳ ಮಂದಿ ಹೇಳುತ್ತಾರೆ, ದಯವಿಟ್ಟು ಲ್ಯಾಪ್‌ಟಾಪಿಗೆ ಮಾಡಬೇಡಿ. ತೆಳ್ಳಗಿನ ಆ ಅಂಟು ನೀರಿನಂತೆ ಸಂದಿಯನ್ನು ಹುಡುಕಿಕೊಂಡು ಹೋಗುತ್ತದೆ. ನನ್ನಲ್ಲಿ ಬಿಟ್ ಸುಲಭವಾಗಿ ಕಳಚಿಬಂತು, ಸ್ಕ್ರೂವಿನ ತಲೆ ಮಾತ್ರ ಸುತ್ತಲಿನ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕೂತಿತು.

ಆಗ ಡ್ರಿಲ್ ತೆಗೆದೆ. ಇಲ್ಲಿ ನನಗೆ ಹೊಳೆಯದೆ ಹೋದ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಮುಚ್ಚಳದ ಒಳಗಿರುತ್ತದೆ, ಅದರ ಕನೆಕ್ಟರ್ ಕೀಳಬೇಕಾದರೆ ಮುಚ್ಚಳ ತೆರೆಯಲೇಬೇಕು. ಮುಚ್ಚಳ ತೆರೆಯಲು ಬಿಡದ ಸ್ಕ್ರೂವನ್ನು ಕೊರೆಯುತ್ತಿದ್ದೇವೆ ಎಂದರೆ, ವಿದ್ಯುತ್ ಇರುವ ಬೋರ್ಡಿನ ಮೇಲೆಯೇ ಕೊರೆಯುತ್ತಿದ್ದೇವೆ ಎಂದರ್ಥ. ಪವರ್ ಬಟನ್ ಒತ್ತಿ ಬಂದ್ ಮಾಡಿದ ಮಾತ್ರಕ್ಕೆ ಬೋರ್ಡಿಗೆ ಬ್ಯಾಟರಿಯ ಸಂಪರ್ಕ ತಪ್ಪುವುದಿಲ್ಲ. ಕೆಲವು ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಒಳಗಿನ ಬ್ಯಾಟರಿಯನ್ನು ಬಯಾಸ್‌ನಿಂದಲೇ (ಯಂತ್ರದ ಮೂಲ ಸೆಟ್ಟಿಂಗ್‌ಗಳಿಂದಲೇ) ನಿಷ್ಕ್ರಿಯಗೊಳಿಸುವ ಆಯ್ಕೆ ಇದೆ, ನಮ್ಮದರಲ್ಲಿ ಇರಲಿಲ್ಲ. ಇನ್ನು ಡ್ರಿಲ್ಲಿನ ಮೊನೆ ಜಾರಿ ಲಿಥಿಯಂ ಬ್ಯಾಟರಿಗೆ ಚುಚ್ಚಿದ್ದರೆ ಮನೆಯೊಳಗೆ ಬೆಂಕಿಯೇ ಹೊತ್ತಿಕೊಳ್ಳಬಹುದಿತ್ತು. ನಮ್ಮ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದ್ದದ್ದು ಆಚೆ ಬದಿಗೆ, ಆದರೆ ಕೊರೆಯುವಾಗ ಅದು ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಗ ಮಲಗಿದ್ದ. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಕೊರೆಯುತ್ತಿದ್ದಂತೆ ಸ್ಕ್ರೂ ಕಾದಿತು. ಪ್ಲಾಸ್ಟಿಕ್ ದೇಹದ ಲ್ಯಾಪ್‌ಟಾಪಿನಲ್ಲಿ ಸ್ಕ್ರೂ ಕೂರುವುದು ಪ್ಲಾಸ್ಟಿಕ್ ಕಂಬದೊಳಗೆ ಬಿಸಿಮಾಡಿ ಹುದುಗಿಸಿದ ಒಂದು ಸಣ್ಣ ಹಿತ್ತಾಳೆಯ ಕೊಳವೆಯಲ್ಲಿ. ಶಾಖಕ್ಕೆ ಕಂಬ ಮೆತ್ತಗಾಗಿ ಹಿತ್ತಾಳೆಯೂ ಸ್ಕ್ರೂವಿನ ಜೊತೆ ಗಿರಗಿರನೆ ತಿರುಗತೊಡಗಿತು. ಕಡೆಗೆ ತಲೆ ಕಿತ್ತುಬಂದು ಮುಚ್ಚಳ ತೆರೆಯಿತು, ಒಳಗೆ ಕಂಬ ಸೀಳಿತ್ತು. ಫ್ಯಾನಿನ ಮೋಟಾರು ಮತ್ತು ಸ್ಪೀಕರುಗಳ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಗಡ್ಡದಂತೆ ಮೆತ್ತಿಕೊಂಡಿತ್ತು. ಕಂಡಷ್ಟನ್ನು ಬ್ರಷ್ಷಿನಿಂದ ತೆಗೆದೆ, ಕಾಣದ್ದನ್ನು ಬಾಯಿಂದ ಊದಿದೆ. ಊದಿದ್ದರಿಂದ ಪುಡಿ ಹೊರಗೆ ಹೋಗಲಿಲ್ಲ, ಬೋರ್ಡಿನ ಚಿಪ್‌ಗಳ ಅಡಿಗೆ ಹೋಯಿತು. ಪೇಸ್ಟ್ ಹಚ್ಚಿ, ಮುಚ್ಚಳ ಹಾಕಿ, ಬಟನ್ ಒತ್ತಿದೆ. ಚಾರ್ಜಿಂಗ್ ದೀಪ ಒಮ್ಮೆ ಮಿನುಗಿ ಆರಿತು. ಕೀಲಿಮಣೆಯ ಸಂದಿಯಿಂದ ಸುಟ್ಟ ವಾಸನೆ ಬಂತು.

ರಿಪೇರಿ ಅಂಗಡಿಯವರು ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನನಗೂ ತೋರಿಸಿದರು: ಚಿಪ್ ಒಂದರ ಎರಡು ಕಾಲುಗಳ ನಡುವೆ ಸುರುಳಿ ಸುತ್ತಿಕೊಂಡ ಒಂದು ಚೂರು, ಅದರ ಪಕ್ಕದಲ್ಲಿ ಕರಕಲಾದ ಗುರುತು. ಬಳಸಿದ ಬೋರ್ಡಿಗೆ ಕೂಲಿ ಸೇರಿ 13,500 ರೂಪಾಯಿ ಆಯಿತು. ಕಡತಗಳಿರುವ ಎಸ್‌ಎಸ್‌ಡಿ ಪ್ರತ್ಯೇಕವಾಗಿ ಜೋಡಿಸುವಂಥದ್ದಾಗಿದ್ದರಿಂದ ಆಕೆಯ ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿಗಳು ಉಳಿದವು. ಸ್ಟೋರೇಜನ್ನು ಬೋರ್ಡಿಗೇ ಬೆಸೆದಿರುವ ಮಾದರಿಗಳೂ ಇವೆ. ಅಂಥದ್ದನ್ನು ಬಿಚ್ಚುವ ಮೊದಲು ಎಲ್ಲವನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳದಿದ್ದರೆ ಬೋರ್ಡಿನ ಜೊತೆಗೆ ಕಡತಗಳೂ ಹೋದವೆಂದೇ ತಿಳಿಯಿರಿ.

"ಮೊದಲನೇ ಸಲ ಜಾರಿದಾಗಲೇ ತಂದುಬಿಟ್ಟಿದ್ದರೆ ಐದು ನಿಮಿಷದ ಕೆಲಸ ಇತ್ತು ಸರ್" ಎಂದರು ಅವರು. ಅಂಥದೇ ಇನ್ನೊಂದು ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು, ಅದನ್ನು ಬಿಚ್ಚಿ ತೋರಿಸಿದರು. ತಲೆ ಇನ್ನೂ ಪೂರ್ತಿ ಸವೆಯದ ಸ್ಕ್ರೂ ಅದು. ಸೋಲ್ಡರಿಂಗ್ ಐರನ್ನಿನ ಮೊನೆಯನ್ನು ತಲೆಗೆ ಕೆಲವೇ ಸೆಕೆಂಡು ತಾಗಿಸಿ ಎಳೆಯ ಲೇಪವನ್ನು ಮೆದುಗೊಳಿಸಿದರು. ಬ್ಯಾಟರಿಯ ಹತ್ತಿರದ ಸ್ಕ್ರೂಗೆ ಇದನ್ನು ತಾವೂ ಮಾಡುವುದಿಲ್ಲ ಎಂದರು. ನಂತರ ಮೂಲೆಗಳು ಚೂಪಾಗಿದ್ದ ಹೊಸ ಪಿಎಚ್‌0 ಬಿಟ್ಟನ್ನು ನೆಟ್ಟಗೆ ನಿಲ್ಲಿಸಿ, ಹಿಡಿಯ ನೆತ್ತಿಗೆ ಅಂಗೈ ಊರಿ ಮೈಭಾರವನ್ನೇ ಬಿಟ್ಟರು. ಮೊದಲು ಬಿಗಿಯುವ ದಿಕ್ಕಿಗೆ ಕೂದಲಷ್ಟು ತಿರುಗಿಸಿ, ಬಳಿಕ ನಿಧಾನವಾಗಿ ಬಿಚ್ಚುವ ದಿಕ್ಕಿಗೆ ತಿರುಗಿಸಿದರು. ಸ್ಕ್ರೂ ಕಿರುಗುಟ್ಟಿ ಕದಲಿತು. ತಲೆ ಮೇಲೆದ್ದು ಕಾಣುವ ಸ್ಕ್ರೂಗಳಿಗೆ ಹಲ್ಲಿರುವ ಸಣ್ಣ ಇಕ್ಕಳದಲ್ಲಿ ಅಂಚನ್ನು ಕಚ್ಚಿ ತಿರುಗಿಸುತ್ತಾರಂತೆ, ನಮ್ಮದರಂತೆ ಗುಂಡಿಯೊಳಗೆ ಕೂತವಕ್ಕೆ ಆ ದಾರಿ ಇಲ್ಲ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆಯಬಹುದಿತ್ತೇ ಎಂದು ಕೇಳಿದೆ. ಇಲ್ಲಿ ತುಕ್ಕೇ ಇಲ್ಲದಿರುವಾಗ ಅದರಿಂದ ಪ್ರಯೋಜನವಿಲ್ಲ, ಒಳಗೆ ಹರಡಿ ಗಲೀಜಾಗುವುದಷ್ಟೇ ಎಂದರು.

ಮರಳಿ ಜೋಡಿಸುವಾಗ ಅವರು ಗಮನ ಸೆಳೆದದ್ದು ಸ್ಕ್ರೂಗಳ ಉದ್ದಕ್ಕೆ. ಒಂದೇ ಮುಚ್ಚಳದಲ್ಲಿ ಎರಡು ಮೂರು ಉದ್ದದವು ಇರುತ್ತವೆ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದು ಬೋರ್ಡಿನಲ್ಲಿ ವಿದ್ಯುತ್ ಹರಿಯುವ ಗೆರೆಗಳನ್ನು ಕತ್ತರಿಸಬಹುದು. ಕಾಗದದ ಮೇಲೆ ಮುಚ್ಚಳದ ಚಿತ್ರ ಬರೆದು, ಬಿಚ್ಚಿದ ಪ್ರತಿಯೊಂದನ್ನೂ ಅದರದರ ಜಾಗದಲ್ಲೇ ಅಂಟುಪಟ್ಟಿಯಿಂದ ಅಂಟಿಸಿಡುತ್ತಾರೆ ಅವರು. ಸಡಿಲವಾದ ಸ್ಕ್ರೂಗೆ ಥ್ರೆಡ್‌ಲಾಕರ್ ದ್ರವ ಹಾಕುವವರಿಗೆ ಇನ್ನೊಂದು ಮಾತು: ಎಬಿಎಸ್, ಪಾಲಿಕಾರ್ಬನೇಟ್‌ನಂಥ ಪ್ಲಾಸ್ಟಿಕ್ಕಿಗೆ ಅದು ತಾಗಿದರೆ ಬಿರುಕು ಬಿಡುವ ಸಂಭವವಿದೆ.

ಲ್ಯಾಪ್‌ಟಾಪ್ ಈಗ ಓಡುತ್ತಿದೆ. ಸೀಳಿದ ಕಂಬವನ್ನು ಎಪಾಕ್ಸಿ ಅಂಟು ತುಂಬಿ ನಿಲ್ಲಿಸಿದ್ದಾರೆ, ಆ ಮೂಲೆಗೆ ಸ್ಕ್ರೂ ಹಾಕಿಲ್ಲ. ಎಡ ಹಿಂಜಿನ ಮೇಲೆ ಭಾರ ಬೀಳದಿರಲೆಂದು ನನ್ನ ಹೆಂಡತಿ ಪ್ರತಿ ಸಲವೂ ಎರಡೂ ಕೈಗಳಿಂದ ಪರದೆಯನ್ನು ಮೆಲ್ಲಗೆ ಎತ್ತುತ್ತಾಳೆ.