ಮಂಜಿನಲ್ಲಿ ಜಿಪಿಎಸ್ ಕೈಕೊಟ್ಟರೆ: ಲಂಗರು ಹಾಕೋದಾ, ಮುಂದೆ ಸಾಗೋದಾ?

ದಟ್ಟ ಮಂಜು, ಸಣ್ಣ ದೋಣಿ, ಜಿಪಿಎಸ್ ಬಂದ್. ಮೊದಲು ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಕೊನೆಗೆ ಖಚಿತವಾಗಿ ಗೊತ್ತಿದ್ದ ಜಾಗ, ಸಮಯ, ವೇಗ ಬರೆದಿಡಿ. ಆಮೇಲೆ ಇರುವುದು ಎರಡು ದಾರಿ.

ನೀರು ಆಳವಿಲ್ಲದೆ, ಹಡಗುಗಳ ದಾರಿಯಿಂದ ದೂರವಿದ್ದರೆ ನಾನಂತೂ ಲಂಗರು ಹಾಕಿ ಅನ್ನುತ್ತೇನೆ. ದೊಡ್ಡ ಹಡಗು ಅಲ್ಲಿಗೆ ಬರಲಾರದು. ಹಾಗಂತ ಸುಮ್ನೆ ಕೂರುವಂತಿಲ್ಲ. 12 ಮೀಟರ್‌ಗಿಂತ ಚಿಕ್ಕ ದೋಣಿಯೂ 2 ನಿಮಿಷದೊಳಗೆ ಒಮ್ಮೆಯಾದರೂ ಜೋರಾಗಿ ಸದ್ದು ಮಾಡುತ್ತಿರಬೇಕು. ಇದು ಅಂತರರಾಷ್ಟ್ರೀಯ ನಿಯಮ.

ಹಡಗಿನ ದಾರಿಯಲ್ಲೇ ಸಿಕ್ಕಿಕೊಂಡಿದ್ದರೆ ನಿಲ್ಲುವುದೇ ಅಪಾಯ, ನಿಧಾನವಾಗಿ ಸಾಗಬೇಕು. ಆದರೆ ಕಂಪಾಸ್ ಒಂದೇ ಸಾಲದು. ನೀರಿನ ಸೆಳೆತ ದೋಣಿಯನ್ನು ಪಕ್ಕಕ್ಕೆ ತಳ್ಳಿದರೆ ಅದಕ್ಕೆ ತಿಳಿಯುವುದಿಲ್ಲ. ಮೊಬೈಲ್, ಚಾಕು ಹತ್ತಿರವಿದ್ದರೆ ಮುಳ್ಳೂ ತಪ್ಪು ತೋರಿಸುತ್ತದೆ, ದೂರ ಇಡಿ. ಹಗ್ಗಕ್ಕೆ ಭಾರ ಕಟ್ಟಿ, ಮೀಟರ್‌ಗೊಂದು ಗಂಟು ಹಾಕಿ ಇಳಿಬಿಡುತ್ತಾ ಆಳ ನೋಡುತ್ತಿರಿ. ನಕ್ಷೆಯಲ್ಲಿ 5 ಮೀಟರ್ ಆಳದ ಗೆರೆ (ಅಷ್ಟೇ ಆಳವಿರುವ ಜಾಗಗಳನ್ನು ಜೋಡಿಸುವ ಗೆರೆ) ದಡದ ಗುಂಟ ಹೋಗಿದ್ದರೆ ಅದನ್ನೇ ಹಿಡಿದು ಹೋಗಬಹುದು. ಉಬ್ಬರದ ನೀರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬಂದರಿನ ಬಾಯಿಗೆ ನೇರ ಗುರಿ ಇಡಬೇಡಿ. ತಪ್ಪಿದರೆ ಎಡಕ್ಕೆ ಹೋಗಬೇಕೋ ಬಲಕ್ಕೋ ಗೊತ್ತಾಗಲ್ಲ, ಅಲ್ವಾ? ಬಂಡೆಗಳಿಲ್ಲದ ಪಕ್ಕಕ್ಕೆ ಬೇಕೆಂದೇ ಸರಿದು ಹೋಗಿ. ಆ 5 ಮೀಟರ್ ಗೆರೆಯ ಆಳ ಸಿಕ್ಕ ಕೂಡಲೇ ಯಾವ ಕಡೆ ತಿರುಗಬೇಕೆಂದು ಮೊದಲೇ ತಿಳಿದಿರುತ್ತದೆ. ಮಂಜಿನಲ್ಲಿ ಸದ್ದಿನ ದಿಕ್ಕು ಮೋಸ ಮಾಡುತ್ತದೆ. ಆಗಾಗ ಇಂಜಿನ್ ನಿಲ್ಲಿಸಿ, ಒಬ್ಬರನ್ನು ಮುಂದೆ ಕೂರಿಸಿ, ಕಿವಿಗೊಟ್ಟು ಕೇಳಿ.