ಪುಟ್ಟ ಮಕ್ಕಳ ಕಡಲ ನೃತ್ಯದಿನಕ್ಕೆ ಒಂದು ಸಿದ್ಧ ಪೆಟ್ಟಿಗೆ

ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ಕಡಲನ್ನೇ ವಸ್ತುವಾಗಿಸಿಕೊಂಡು ನೃತ್ಯದಿನವೊಂದನ್ನು ಯೋಜಿಸುವವರಿಗೆಂದು ರೂಪಿಸಿದ ಈ ಪೆಟ್ಟಿಗೆಯಲ್ಲಿ ಅಗಲವಾದ ನೀಲಿ ಬಟ್ಟೆ, ತೆಳುವಾದ ಬಣ್ಣದ ವಸ್ತ್ರಗಳು, ಸಂಗೀತದ ಧ್ವನಿಮುದ್ರಿಕೆ ಹಾಗೂ ಜಲಚರಗಳ ಚಿತ್ರಕಾರ್ಡುಗಳಿವೆ.

ಪೆಟ್ಟಿಗೆಯ ಸತ್ವವೆಲ್ಲ ಆ ಕಾರ್ಡುಗಳಲ್ಲಿದೆ. ಏಡಿಯ ಕಾಲಿನ ಕೀಲುಗಳು ಪಕ್ಕಕ್ಕೆ ಮಡಚಿಕೊಳ್ಳುವುದರಿಂದ ಅದು ಅಡ್ಡಡ್ಡ ನಡೆಯುತ್ತದೆಂದು ತಿಳಿಸಿ, ಮಕ್ಕಳಿಂದ ಹಾಗೆಯೇ ಹೆಜ್ಜೆ ಹಾಕಿಸುವ ಕ್ರಮ ಬಹಳ ಸೊಗಸಾಗಿದೆ. ಜೆಲ್ಲಿಮೀನು ತನ್ನ ಕೊಡೆಯಂತಹ ದೇಹವನ್ನು ಸಂಕುಚಿಸಿ ನೀರನ್ನು ತಳ್ಳುತ್ತ ಸಾಗುವುದನ್ನು ಮಕ್ಕಳು ವಸ್ತ್ರ ಹಿಡಿದು ಕುಗ್ಗಿ ಅರಳುತ್ತ ಅಭಿನಯಿಸುತ್ತಾರೆ. ಕಡಲಕುದುರೆ ನೆಟ್ಟಗೆ ಈಜುವುದರಿಂದ ಅದರ ಸರದಿಯಲ್ಲಿ ಬೆನ್ನು ನೇರವಾಗಿಸಿ ತುದಿಗಾಲಲ್ಲಿ ಮೆಲ್ಲನೆ ಚಲಿಸುತ್ತಾರೆ. ಕುಣಿತ ಮತ್ತು ಕಲಿಕೆ ಹೀಗೆ ಒಂದಾಗುವುದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಸಂಗೀತದ ಆಯ್ಕೆ ಮಾತ್ರ ನಿರಾಶೆ ತರುತ್ತದೆ. ವೇಗದ ತುಣುಕುಗಳೇ ಒಂದರ ಹಿಂದೊಂದು ಬರುವುದರಿಂದ ಈ ವಯಸ್ಸಿನವರು ಬೇಗ ದಣಿಯುತ್ತಾರೆ. ನಡುನಡುವೆ ತಿಮಿಂಗಿಲದಂತೆ ನಿಧಾನವಾಗಿ ತೇಲುವ ಭಾಗಗಳನ್ನು ಯೋಜಕರೇ ಸೇರಿಸಿಕೊಳ್ಳಬೇಕು. ಗದ್ದಲಕ್ಕೆ ಹಿಂಜರಿಯುವ ಮಕ್ಕಳಿಗೆ ನೀಲಿ ಬಟ್ಟೆಯ ಅಂಚು ಹಿಡಿದು ಅಲೆ ಎಬ್ಬಿಸುವ ಕೆಲಸ ಕೊಡಬಹುದೆಂಬ ಸಲಹೆ, ಕೈಪಿಡಿಯ ಕೊನೆಯ ಪುಟದಲ್ಲಿದ್ದರೂ, ಅತ್ಯಂತ ಕಾಳಜಿಯದು.

ಆ ಬಟ್ಟೆಯನ್ನು ನುಣುಪಾದ ನೆಲದ ಮೇಲೆ ಹಾಸಿ ಕುಣಿಸಿದರೆ ಮಕ್ಕಳು ಜಾರಿ ಬೀಳುತ್ತಾರೆಂಬ ಎಚ್ಚರಿಕೆ ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ; ಅದನ್ನು ಮುಂದಿನ ಮುದ್ರಣದಲ್ಲಿ ಮೊದಲ ಪುಟದಲ್ಲಿಯೇ ಸೇರಿಸಬೇಕು.