ಕರೆಂಟಿಲ್ಲದ ಚಳಿಗೆ ಗ್ಯಾಸ್ ಹೀಟರೋ, ಬ್ಯಾಟರಿಯೋ?

2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿದಾಗ ಡಲ್ಲಾಸ್ ಬಳಿಯ ನಮ್ಮ ಮನೆಯಲ್ಲಿ ಎರಡು ದಿನ ಕರೆಂಟಿರಲಿಲ್ಲ. ನಮ್ಮದು ಗ್ಯಾಸಿನಿಂದ ಮನೆ ಬಿಸಿಮಾಡುವ ಫರ್ನೇಸ್, ಹೆದರಿಕೆಯಿಲ್ಲ ಎಂದುಕೊಂಡಿದ್ದೆ. ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನ್ ಓಡುವುದು ಕರೆಂಟಿನಿಂದ ಎಂಬುದು ಆಗ ತಿಳಿಯಿತು.

ಕೊಪ್ಪದಿಂದ ಅಮ್ಮ ಫೋನಿನಲ್ಲಿ, "ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಒಳಗಿಟ್ಟುಕೋ ಮಾರಾಯ" ಎಂದರು. ಹೆಂಚಿನ ಸಂದಿಯಲ್ಲಿ ಗಾಳಿಯಾಡುವ ನಮ್ಮೂರ ಮನೆಯಲ್ಲೇ ಅದು ಅಪಾಯ. ಬಿಗಿಯಾಗಿ ಮುಚ್ಚಿದ ಇಲ್ಲಿನ ಮನೆಯಲ್ಲಿ ಸಾವೇ. ಕೆಂಡದಿಂದ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ಚಳಿಗಾಳಿಯ ದೆಸೆಯಿಂದ ರಾಜ್ಯ ಸರ್ಕಾರದ ಲೆಕ್ಕದಲ್ಲೇ ಸತ್ತವರು 246 ಮಂದಿ. ಹೆಚ್ಚಿನವರು ಚಳಿಗೆ, ಕೆಲವರು ಈ ಅನಿಲಕ್ಕೆ ಬಲಿಯಾದರು.

ಮರುವರ್ಷ ಜನವರಿಯಲ್ಲಿ ಬೇಕೆಂದೇ ಫರ್ನೇಸ್ ಆರಿಸಿ ಎರಡು ರಾತ್ರಿ ಪರೀಕ್ಷೆ ಮಾಡಿದೆವು.

ಮೊದಲ ರಾತ್ರಿ, ಒಳಾಂಗಣಕ್ಕೆಂದೇ ಮಾಡಿದ ಪ್ರೊಪೇನ್ ಹೀಟರ್. ಕಾಲು ಗಂಟೆಯಲ್ಲಿ ಕೋಣೆ ಬೆಚ್ಚಗಾಯಿತು. ಮಗಳು ಸ್ವೆಟರ್ ಬಿಚ್ಚಿಟ್ಟಳು. ಆದರೆ ಕಿಟಕಿಯನ್ನು ಒಂದಿಂಚು ತೆರೆದಿಡಲೇಬೇಕು. ಗಾಜಿನ ಮೇಲೆ ಬೆವರಿಳಿದು ಚೌಕಟ್ಟು ಒದ್ದೆಯಾಯಿತು. ಒಂದು ಪೌಂಡಿನ ಸಿಲಿಂಡರ್ ಸಣ್ಣ ಉರಿಯಲ್ಲಿ ಐದು ಗಂಟೆ ಬಂತು. ಉರಿಸಿಟ್ಟು ಮಲಗುವಂತಿಲ್ಲ. ಆರಿಸಿದ ಮೇಲೆ ನಡುರಾತ್ರಿಗೆ ಮತ್ತೆ ಅದೇ ಕೊರೆತ.

ಎರಡನೆಯ ರಾತ್ರಿ, ಒಂದು ಸಾವಿರ ವ್ಯಾಟ್-ಗಂಟೆಯ ಬ್ಯಾಟರಿ ಪೆಟ್ಟಿಗೆ. ಬೆಲೆ ಹೀಟರಿನದಕ್ಕಿಂತ ಹಲವು ಪಟ್ಟು. ಮೊದಲು ದಡ್ಡತನದಿಂದ 1500 ವ್ಯಾಟ್‌ನ ಹೀಟರ್ ಜೋಡಿಸಿದೆ. ಮುಕ್ಕಾಲು ಗಂಟೆಗೂ ಮೊದಲೇ ಬರಿದಾಯಿತು. ಮತ್ತೆ ಚಾರ್ಜ್ ಮಾಡಿ, ನೂರು ವ್ಯಾಟ್‌ನ ವಿದ್ಯುತ್ ಕಂಬಳಿಯನ್ನು ಸಣ್ಣಕ್ಕಿಟ್ಟು ಮೂವರೂ ಅದರಡಿ ಮಲಗಿದೆವು. ಮೂಗಿನ ತುದಿ ತಣ್ಣಗಿತ್ತು, ಮೈ ಬೆಚ್ಚಗಿತ್ತು. ಬೆಳಿಗ್ಗೆ ನೋಡಿದರೆ ಇನ್ನೂ ಕಾಲು ಭಾಗ ಉಳಿದಿತ್ತು.

ಗೋಡೆಯ ಬೆಂಕಿಗೂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡಲು ಚೆಂದ, ಕೋಣೆಯ ಬೆಚ್ಚನೆ ಗಾಳಿಯನ್ನೇ ಹೊಗೆಗೊಳವೆಗೆ ಎಳೆದುಕೊಳ್ಳುತ್ತದೆ.

ಒಂದನ್ನೇ ಕೊಳ್ಳುವುದಾದರೆ ನನ್ನ ಮತ ಬ್ಯಾಟರಿ ಮತ್ತು ಕಂಬಳಿಗೆ. ಪ್ರೊಪೇನ್ ಎಚ್ಚರವಿದ್ದು ಕೂರುವ ಸಂಜೆಗೆ ಮಾತ್ರ, ಅದೂ ಬ್ಯಾಟರಿಯಿಂದ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಗೋಡೆಗೆ ಹಾಕಿದ ಮೇಲೆ. ಈಗ ನಮ್ಮ ಬೀದಿಯ ಮೂರು ಮನೆಯವರು ಮಾತಾಡಿಕೊಂಡಿದ್ದೇವೆ: ಹೀಟರ್ ಒಬ್ಬರದು, ಸಿಲಿಂಡರ್‌ಗಳು ಇನ್ನೊಬ್ಬರವು, ಬ್ಯಾಟರಿ ನಮ್ಮದು. ಪಕ್ಕದ ಮನೆಯ ಅಜ್ಜನಿಗೆ ಆಮ್ಲಜನಕದ ಯಂತ್ರವಿದೆ. ಕರೆಂಟ್ ಹೋದರೆ ಬ್ಯಾಟರಿ ಮೊದಲು ಅಲ್ಲಿಗೆ, ಕಂಬಳಿ ಆಮೇಲೆ.